ಮಜ್ಜಿಗೆ ಕುಡಿದವರ ಪಟ್ಟಿ

ನಮ್ಮ ಊರಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ ಕೇಳಿದವರ ಬಲಗಿವಿ ಕೆಂಪಾಗುತ್ತದೆ. ಹೇಳಿದವರದಲ್ಲ, ಕೇಳಿದವರದು. ಹೊರಗಿನಿಂದ ಬಂದವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ನಮಗೆ ರೂಢಿಯಾಗಿದೆ. ಸಂತೆಯಲ್ಲಿ ಬದನೆಕಾಯಿ ಮಾರುವವಳು "ಇವತ್ತೇ ಕಿತ್ತಿದ್ದು" ಎನ್ನುವುದಿಲ್ಲ, "ನೋಡಿ ತಗೊಳ್ಳಿ" ಎನ್ನುತ್ತಾಳೆ. ನೆಂಟರ ಮನೆಯಲ್ಲಿ ಉಂಡವರು ಸಾರು ಚೆನ್ನಾಗಿತ್ತೆಂದು ಹೊಗಳುವ ಗೋಜಿಗೆ ಹೋಗುವುದಿಲ್ಲ, "ಹೊಟ್ಟೆ ತುಂಬಿತು" ಎಂದು ಏಳುತ್ತಾರೆ. ಚುನಾವಣೆಯ ಭಾಷಣಕ್ಕೆ ಸುಡುಬೇಸಿಗೆಯಲ್ಲೂ ಕುಲಾವಿ ಹಾಕಿಕೊಂಡು ಹೋಗುತ್ತೇವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಎರಡೂ ಕಡೆಯವರು ಮಳೆ ಬಿಸಿಲಿನ ವಿಚಾರ ಬಿಟ್ಟು ಬೇರೇನೂ ಆಡುವುದಿಲ್ಲ. ಅಷ್ಟಾಗಿಯೂ ಮದುವೆಗಳು ನಡೆಯುತ್ತವೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೇಳುವವರಿಗೆ ಅದು ಸುಳ್ಳೆಂದು ಗೊತ್ತಿದ್ದರೆ ಮಾತ್ರ ಕಿವಿ ಕೆಂಪಾಗುವುದು. ನಂಬಿಕೊಂಡು ತಪ್ಪು ಹೇಳಿದರೆ ಏನೂ ಆಗುವುದಿಲ್ಲ. ಭೂಮಿ ಆದಿಶೇಷನ ಹೆಡೆಯ ಮೇಲೆ ಕೂತಿದೆ ಎಂದು ನಮ್ಮಜ್ಜಿ ದಿನಾ ಹೇಳುತ್ತಿದ್ದಳು, ಆರು ಜನ ಮೊಮ್ಮಕ್ಕಳ ಕಿವಿಗಳೂ ಕೊನೆಯವರೆಗೆ ತಣ್ಣಗೇ ಇದ್ದವು. ಇದು ಊರಿನ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಸಂಘದ ವಿದ್ವಾಂಸರಿಗೆ ಐವತ್ತು ವರ್ಷ ಇದು ನೆನಪಾಗಲಿಲ್ಲ. ನನಗೂ ಆಗಲಿಲ್ಲ, ಅದಕ್ಕೇ ಈ ಕಥೆ.

ಸಂಘ ಎಂದರೆ ಲೋಮನಾಳ ಸಂಶೋಧಕರ ಸಂಘ. ಇಪ್ಪತ್ತೆರಡು ವರ್ಷದಿಂದ ನಾನು ಅದರ ಕಾರ್ಯದರ್ಶಿ. ಲೋಮನಾಳವೆಂದರೆ ಮೈಯಲ್ಲಿ ಕೂದಲಿಗಿಂತ ಸಣ್ಣಗೆ ಹರಿಯುವ ರಕ್ತನಾಳ. ಕಿವಿ ಕೆಂಪಾಗುವುದು ರಕ್ತದಿಂದ, ರಕ್ತ ಬರುವುದು ಈ ನಾಳಗಳಿಂದ, ಆದ್ದರಿಂದ ಇವನ್ನು ಪರೀಕ್ಷಿಸಿದರೆ ಊರಿನ ಗುಟ್ಟು ತಿಳಿಯುತ್ತದೆ ಎಂದು ಹಿರಿಯರು ಸಂಘ ಕಟ್ಟಿದರು. ಆದರೆ ನಮ್ಮಲ್ಲಿ ಇನ್ನೊಬ್ಬರ ಕಿವಿಯನ್ನು ದಿಟ್ಟಿಸಿ ನೋಡುವುದು ಮಹಾ ಅಸಭ್ಯತನ. ಸೂಕ್ಷ್ಮದರ್ಶಕ ಹಿಡಿದು ಕಿವಿಯ ಹತ್ತಿರ ಹೋದ ಮೊದಲ ಸದಸ್ಯರೊಬ್ಬರು ಕೆನ್ನೆಗೆ ಏಟು ತಿಂದು ಬಂದ ಮೇಲೆ ಸಂಘ ಕಿವಿಯನ್ನು ಕೈಬಿಟ್ಟು ಬೆರಳನ್ನು ಹಿಡಿಯಿತು.

ಉಂಗುರದ ಬೆರಳಿನ ಉಗುರಿನ ಬುಡಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಲೋಮನಾಳಗಳು ಹೇರ್‌ಪಿನ್ನುಗಳ ಹಾಗೆ ಸಾಲಾಗಿ ನಿಂತಿರುವುದು ಕಾಣುತ್ತದೆ. ಒಳಗೆ ರಕ್ತ ಸರಸರ ಓಡುತ್ತಿರುತ್ತದೆ. ನಮ್ಮ ಅಧ್ಯಕ್ಷೆ ಡಾಕ್ಟರ್ ಅಂಬುಜಾಕ್ಷಿ ತಮ್ಮ ಹರೆಯದಲ್ಲಿ ಸಾವಿರ ಜನರ ಬೆರಳು ಅಳೆದು, ಆರೋಗ್ಯವಂತರ ನಾಳದ ಅಗಲ ಮಸೂರದೊಳಗಿನ ಅಳತೆಪಟ್ಟಿಯಲ್ಲಿ ಏಳು ಗೆರೆ ಎಂದು ಕಂಡುಹಿಡಿದರು. ಅದಕ್ಕೆ ಅಂಬುಜಾಕ್ಷಿ ಅಳತೆ ಎಂದೇ ಹೆಸರು. ಪುರಸಭೆ ಅದನ್ನು ಒಪ್ಪಿಕೊಂಡು, ಊರಿನ ಪ್ರತಿಯೊಬ್ಬರೂ ಮೂವತ್ತು ತುಂಬುವುದರೊಳಗೆ ಒಮ್ಮೆ ಸಂಘಕ್ಕೆ ಬಂದು ಬೆರಳು ತೋರಿಸಬೇಕೆಂದು ನಿಯಮ ಮಾಡಿತು. ಐದು ಗೆರೆಗಿಂತ ಕಡಿಮೆ ಬಂದವರಿಗೆ ಸಂಘ ಒಂದು ಚೀಟಿ ಕೊಡುತ್ತದೆ. ಚೀಟಿ ಸಿಕ್ಕವರು ಜೀವಮಾನವಿಡೀ ಉಣ್ಣೆಯ ಕೈಗವುಸು ಹಾಕಬೇಕು, ತಣ್ಣೀರು ಮುಟ್ಟಬಾರದು, ಬೆರಳಿಗೆ ಪೆಟ್ಟು ಬೀಳುವ ಕೆಲಸ ಮಾಡಬಾರದು. ಊರಿನಲ್ಲಿ ಅಂಥವರು ನೂರ ಎಂಬತ್ತಮೂರು ಜನ. ಅವರಲ್ಲೊಬ್ಬರು ನನ್ನ ಗಂಡ.

ನನ್ನ ಗಂಡನ ಹೆಸರು ಉಗ್ರಪ್ಪ. ಆ ಹೆಸರಿಟ್ಟವರು ಅವರ ಮುಖ ನೋಡಿರಲಿಲ್ಲವೆಂದು ಕಾಣುತ್ತದೆ. ಅವರು ಊರಿನ ನಾಟಕ ಕಂಪನಿಯಲ್ಲಿ ತಬಲಾ ನುಡಿಸುತ್ತಿದ್ದರು. ಅವರ ಬೆರಳು ಓಡುವಾಗ ರಾಜ ಪಾರ್ಟಿನವನು ಮಾತು ಮರೆತು ನಿಲ್ಲುತ್ತಿದ್ದನಂತೆ. ಹತ್ತೊಂಬತ್ತು ವರ್ಷದ ಹಿಂದೆ ನಿಯಮದ ಪ್ರಕಾರ ಸಂಘಕ್ಕೆ ಬಂದರು. ಅಳೆದವಳು ನಾನು. ನಾಲ್ಕು ಗೆರೆ ಬಂತು. ಇಷ್ಟು ಚೆಂದದ ಬೆರಳಿಗೆ ಹೀಗೇಕೆ ಎಂದು ನನಗೇ ಒಪ್ಪಿಗೆಯಾಗದೆ ಮುಂದಿನ ವಾರ ಬರಹೇಳಿದೆ. ಮತ್ತೆ ನಾಲ್ಕು. ಮೂರನೇ ವಾರವೂ ನಾಲ್ಕು. ಮೂರು ವಾರ ಒಬ್ಬ ಗಂಡಸಿನ ಕೈ ಹಿಡಿದು ಕೂತ ಮೇಲೆ ಊರು ಸುಮ್ಮನಿರುತ್ತದೆಯೆ? ಚೀಟಿ ಬರೆದುಕೊಟ್ಟ ಎರಡು ತಿಂಗಳಿಗೆ ನಮ್ಮ ಮದುವೆಯಾಯಿತು. ತಾಳಿ ಕಟ್ಟುವಾಗ ಕೈಗವುಸು ತೆಗೆಯಲು ಅಂಬುಜಾಕ್ಷಿ ಮೇಡಂ ಒಂದು ನಿಮಿಷದ ವಿನಾಯಿತಿ ಕೊಟ್ಟಿದ್ದರು.

ಆಮೇಲೆ ಉಗ್ರಪ್ಪನವರು ಅದೇ ನಾಟಕ ಕಂಪನಿಯ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಹಿಡಿದರು. ಒಳಗೆ ಬೇರೆ ಯಾರೋ ತಬಲಾ ಬಡಿಯುತ್ತಿದ್ದರೆ ಇವರು ಹೊರಗೆ ಉಣ್ಣೆಯ ಬೆರಳುಗಳಲ್ಲಿ ಟಿಕೆಟ್ ಹರಿಯುತ್ತಿದ್ದರು. "ತಬಲಾ ನೆನಪಾಗುತ್ತಾ?" ಎಂದು ಶುರುವಿನಲ್ಲಿ ಒಂದೆರಡು ಸಲ ಕೇಳಿದ್ದೆ. ಅವರು "ಅನ್ನಕ್ಕಿಟ್ಟಿದೀಯಾ?" ಎಂದು ಬೇರೆ ಮಾತಿಗೆ ಹೊರಳುತ್ತಿದ್ದರು. ಇಲ್ಲ ಅಂದಿದ್ದರೆ ನನ್ನ ಕಿವಿ ಹೇಳಿಬಿಡುತ್ತಿತ್ತು. ಅದು ತಿಳಿದೂ ತಿಳಿಯದವಳ ಹಾಗೆ ನಾನು ಕೇಳುವುದನ್ನೇ ಬಿಟ್ಟೆ.

ಈ ವರ್ಷ ಸಂಘಕ್ಕೆ ಐವತ್ತು ತುಂಬಿತು. ಸುವರ್ಣ ಮಹೋತ್ಸವದ ದಿನ ಅಂಬುಜಾಕ್ಷಿ ಅಳತೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಪುರಸಭೆಯ ಮುಂದೆ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಕಲ್ಲುಕುಟಿಗ "ಏಳು ಗೆರೆ" ಎನ್ನುವುದರಲ್ಲಿ "ಏ" ಮುಗಿಸಿದ್ದ. ಆಗಲೇ ನಮ್ಮ ಸಣ್ಣತಾಯಮ್ಮ ಮಗಳ ಬಾಣಂತನಕ್ಕೆಂದು ಒಂಬತ್ತು ದಿನ ರಜ ಹಾಕಿ ಹೊರಟಳು. ಸಣ್ಣತಾಯಮ್ಮ ಸಂಘದ ಅಡುಗೆಮನೆಯ ಒಡತಿ. ಬೆರಳು ತೋರಿಸಲು ಬಂದವರು ಸೂಜಿ ಗೀಜಿ ಚುಚ್ಚುತ್ತಾರೇನೋ ಎಂದು ನಡುಗುತ್ತಾರೆಂದು, ಮೊದಲು ಕಾಫಿ ಆಮೇಲೆ ಬೆರಳು ಎಂಬ ಪದ್ಧತಿಯನ್ನು ಮೇಡಮ್ಮೇ ಮೊದಲ ದಿನದಿಂದ ಹಾಕಿದ್ದರು. ಮಕ್ಕಳಿಗೆ ಬಿಸಿ ಹಾಲು. ಸಣ್ಣತಾಯಮ್ಮನಿಗೆ ತನ್ನ ಒಲೆಯನ್ನು ಇನ್ನೊಬ್ಬರು ಮುಟ್ಟಿದರೆ ಆಗುವುದಿಲ್ಲ. ಅಡುಗೆಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಕಾಫಿಯಿಲ್ಲದೆ ಜನಕ್ಕೆ ಮಡಕೆಯ ನೀರು ಕೊಟ್ಟೆ. ಆ ಒಂಬತ್ತು ದಿನದಲ್ಲಿ ಹದಿನಾಲ್ಕು ಜನ ಬಂದರು, ಹದಿನಾಲ್ಕು ಜನರದೂ ಐದಕ್ಕಿಂತ ಕಡಿಮೆ. ಗರಡಿಮನೆಯ ಪೈಲ್ವಾನ ಹನುಮಂತುವಿನದು ನಾಲ್ಕೂಕಾಲು. "ಅಕ್ಕಾ, ಇನ್ಮೇಲೆ ಕೈಗವುಸು ಹಾಕ್ಕೊಂಡು ಕುಸ್ತಿ ಆಡ್ಲಾ?" ಎಂದು ಅವನು ಅಳುವ ಹಾಗಾದ. ಸೂಕ್ಷ್ಮದರ್ಶಕ ಕೆಟ್ಟಿರಬೇಕೆಂದು ಯಾರಿಗೂ ಚೀಟಿ ಬರೆಯದೆ ಮಸೂರ ಒರೆಸಿದೆ, ತಿರುಪು ಬಿಗಿದೆ. ಕೊನೆಗೆ ನಾನೂ ಒಂದು ಲೋಟ ಮಡಕೆಯ ನೀರು ಕುಡಿದು ನನ್ನ ಬೆರಳನ್ನೇ ಇಟ್ಟು ನೋಡಿಕೊಂಡೆ. ಸಂಘಕ್ಕೆ ಸೇರಿದಾಗ ಏಳೂವರೆ ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಹೆದರಿ, ಕಪಾಟಿನಿಂದ ಒಂದು ಜೊತೆ ಕೈಗವುಸು ತೆಗೆದು ಹಾಕಿಕೊಂಡು ಒಂದು ಗಂಟೆ ಸುಮ್ಮನೆ ಕೂತೆ.

ಹತ್ತನೆಯ ದಿನ ಸಣ್ಣತಾಯಮ್ಮ ಅಂಟಿನುಂಡೆಯ ಡಬ್ಬಿಯೊಂದಿಗೆ ಬಂದಳು. "ಹೆಣ್ಮಗು ಕಣ್ರವ್ವಾ, ತಲೆ ತುಂಬ ಕೂದ್ಲು" ಎನ್ನುತ್ತ ಬೀಗ ತೆಗೆದು, ಒಲೆ ಹಚ್ಚಿ, ನನಗೊಂದು ಲೋಟ ಕಾಫಿ ತಂದಿಟ್ಟಳು. ಎರಡೂ ಅಂಗೈಯಲ್ಲಿ ಲೋಟ ಹಿಡಿದು ಕುಡಿದೆ. ಕುಡಿದು ಮುಗಿಸಿ, ಕೆಟ್ಟದ್ದು ಕೆಟ್ಟೇ ಹೋಯಿತೋ ನೋಡೋಣವೆಂದು ಬೆರಳನ್ನು ಮತ್ತೆ ಮಸೂರದ ಕೆಳಗಿಟ್ಟೆ. ಏಳೂವರೆ! ರಕ್ತ ಹಬ್ಬದ ದಿನದ ಹಾಗೆ ಓಡುತ್ತಿತ್ತು. ಲೋಟ ನೋಡಿದೆ, ಬೆರಳು ನೋಡಿದೆ. ಆಮೇಲೆ ಲೋಟಕ್ಕೆ ಮಡಕೆಯ ನೀರು ತುಂಬಿಸಿ ಐದು ನಿಮಿಷ ಹಿಡಿದುಕೊಂಡು ಮತ್ತೆ ಇಟ್ಟೆ. ನಾಲ್ಕು.

ಐವತ್ತು ವರ್ಷ ನಾವು ಅಳೆದದ್ದು ಊರಿನ ಬೆರಳುಗಳನ್ನಲ್ಲ, ಸಣ್ಣತಾಯಮ್ಮನ ಕಾಫಿಯನ್ನು. ಬಿಸಿ ಲೋಟ ಹಿಡಿದ ಕೈಯ ನಾಳ ಹಿಗ್ಗುತ್ತದೆ, ತಣ್ಣನೆಯ ಲೋಟ ಹಿಡಿದದ್ದು ಕುಗ್ಗುತ್ತದೆ. ಅಷ್ಟೇ ಕಥೆ.

ಹಾಗಾದರೆ ಆ ನೂರ ಎಂಬತ್ತಮೂರು ಜನ? ಸಣ್ಣತಾಯಮ್ಮನ ಹತ್ತಿರ ಒಂದು ನೋಟುಬುಕ್ಕು ಇದೆ. ಒಮ್ಮೆ ಬಂದವರು ಮತ್ತೆ ಬಂದರೆ ಏನು ಬೇಕೆಂದು ಕೇಳುವುದು ಅವಳ ಮರ್ಯಾದೆಗೆ ಕಡಿಮೆ. ಹಾಗಾಗಿ ಯಾರು ಏನು ಕುಡಿದರೆಂದು ಬರೆದಿಡುತ್ತಾಳೆ, ಅವಳಿಗಿಂತ ಮೊದಲು ಇದೇ ಒಲೆ ನೋಡಿಕೊಂಡಿದ್ದ ಅವಳ ಅತ್ತೆಯ ಕಾಲದಿಂದ ಬಂದ ಅಭ್ಯಾಸ. ಅದನ್ನೂ ಚೀಟಿ ಪಡೆದವರ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತೆ. ಮಜ್ಜಿಗೆ. ಮಜ್ಜಿಗೆ. ನೀರು. ಮಜ್ಜಿಗೆ. ಪಾನಕ. ನೂರ ಎಂಬತ್ತಮೂರರಲ್ಲಿ ಒಂದು ಹೆಸರೂ ತಪ್ಪಲಿಲ್ಲ. ಹತ್ತೊಂಬತ್ತು ವರ್ಷದ ಹಿಂದಿನ ಪುಟ ತೆಗೆಯುವ ಮೊದಲೇ ನನಗೆ ಗೊತ್ತಿತ್ತು. "ಕಾಫಿ ವಾಸನೆ ಆಗಲ್ಲ ನಂಗೆ, ಮಜ್ಜಿಗೆ ಇದ್ರೆ ಕೊಡಿ" ಎಂದಿದ್ದರು ಉಗ್ರಪ್ಪ. ಒಳಗೆ ಹೋಗಿ ತಂದುಕೊಟ್ಟವಳು ನಾನೇ. ಮೂರು ವಾರವೂ. ಮೂರನೆಯ ವಾರ, ಈ ಮನುಷ್ಯನಿಗೆ ತಂಪಾಗಿರಲಿ ಎಂದು, ಪ್ರೀತಿಯಿಂದ, ಮಣ್ಣಿನ ಲೋಟದಲ್ಲಿ ಕೊಟ್ಟಿದ್ದೆ.

ಮನೆಗೆ ಹೋದೆ. ಉಗ್ರಪ್ಪನವರು ಕೈಗವುಸಿನಲ್ಲೇ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನನ್ನ ಮುಖ ನೋಡಿ "ಏನಾಯ್ತೇ, ಇಂದೂ?" ಎಂದು ಹೆಸರು ಹಿಡಿದು ಕೇಳಿದರು.

"ಏನಿಲ್ಲ" ಎಂದೆ.

ಅವರ ಬಲಗಿವಿ ಟೊಮೇಟೊ ಹಣ್ಣಾಯಿತು. ಅವರು ಕೈಗವುಸಿನಿಂದಲೇ ಕಿವಿ ಮುಟ್ಟಿಕೊಂಡು, "ಸರಿ, ಹೇಳ್ಬೇಕು ಅನ್ಸಿದಾಗ ಹೇಳು" ಎಂದು ಹುರುಳಿಕಾಯಿ ಬಿಡಿಸತೊಡಗಿದರು. ಹೇಳಬೇಕಿತ್ತು. ನನಗೆ ಧೈರ್ಯ ಬರಲಿಲ್ಲ. ಮೊದಲು ಮೇಡಂಗೆ ಹೇಳುವುದು ಕ್ರಮ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಮಗೆ ನಾವೇ ಹೇಳಿಕೊಂಡ ಸುಳ್ಳಿಗೆ ಪುಣ್ಯಕ್ಕೆ ಕಿವಿ ಕೆಂಪಾಗುವುದಿಲ್ಲ.

ಮೇಡಂಗೆ ಎಂಬತ್ತೊಂದು. ಮರುದಿನ ಅವರ ಮನೆಗೆ ಹೋಗಿ, "ಮೇಡಂ, ಅಳತೆ ವಿಷಯದಲ್ಲಿ ಒಂದು ಮಾತಿತ್ತು" ಎಂದೆ.

"ಸಂಶೋಧನೆಯಾ, ಸ್ವಂತದ್ದಾ?"

"ಸಂಶೋಧನೆ."

"ಹಾಗಾದ್ರೆ ಸಭೇಲಿ ಓದು. ಹಜಾರದಲ್ಲಿ ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಾ ಹೋದ್ರೆ ಸಂಘ ಯಾಕೆ ಬೇಕು? ಪತ್ರೊಡೆ ಮಾಡಿದೀನಿ, ತಿಂದು ಹೋಗು."

ಪತ್ರೊಡೆ ತಿಂದೆ. ನನಗೆ ಸೂಕ್ಷ್ಮದರ್ಶಕ ಹಿಡಿಯುವುದನ್ನು ಕಲಿಸಿದವರು ಅವರು. ಅವರ ಹೆಸರಿನಲ್ಲಿ ಉಳಿಯುವುದೆಂದರೆ ಆ ಏಳು ಗೆರೆಯೊಂದೇ.

ಸಭೆಯ ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಪ್ರಬಂಧವನ್ನು ಗಟ್ಟಿಯಾಗಿ ಓದುತ್ತಾರೆ. ವೇದಿಕೆಯ ಮೇಲೆ ಇಬ್ಬರು ಸದಸ್ಯರು ಸಭಿಕರ ಕಡೆ ಮುಖ ಮಾಡಿ ಕೂರುತ್ತಾರೆ. ಆ ಇಬ್ಬರಿಗೆ ಆ ಒಂದು ದಿನ ಮಾತ್ರ ಎಲ್ಲರ ಕಿವಿ ನೋಡುವ ಅಧಿಕಾರವಿದೆ. ಓದು ಮುಗಿದ ಮೇಲೆ ಅವರು ಎದ್ದು "ಕಿವಿ ತಣ್ಣಗಿವೆ" ಎಂದರೆ ಪ್ರಬಂಧ ಒಪ್ಪಿತವಾದಂತೆ. ಮತ್ತೆ ಯಾರೂ ಅದನ್ನು ಅಳೆದು ನೋಡುವುದಿಲ್ಲ. ಬೇರೆ ಊರುಗಳ ಸಂಘಗಳಲ್ಲಿ ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ಮಾಡಿ ನೋಡುತ್ತಾರಂತೆ. ಕೇಳಿ ನಾವು ನಕ್ಕಿದ್ದೆವು, ಪಾಪ, ಅವರಿಗೆ ಕಿವಿಯಿಲ್ಲವಲ್ಲ ಎಂದು.

ಸುವರ್ಣ ಮಹೋತ್ಸವದ ದಿನ ಬೆಳಿಗ್ಗೆ ಹತ್ತಕ್ಕೆ ನಾನು ಎದ್ದು ನಿಂತು ಎರಡು ಹಾಳೆ ಓದಿದೆ. ಕಾಫಿ, ಮಡಕೆ ನೀರು, ಪೈಲ್ವಾನ, ಸಣ್ಣತಾಯಮ್ಮನ ನೋಟುಬುಕ್ಕು. ಮೇಡಂ ಕಡೆ ನೋಡದೆ ಓದಿ ಮುಗಿಸಿದೆ. ಕಿವಿ ನೋಡಲು ಕೂತಿದ್ದ ಪುಟ್ಟಸ್ವಾಮಯ್ಯನವರು, ಮೂವತ್ತು ವರ್ಷದ ಹಳೇ ಸದಸ್ಯರು, ಎದ್ದು "ಕಿವಿ ತಣ್ಣಗಿವೆ" ಎಂದು ಸಾರಿ ಅಲ್ಲೇ ನಿಂತುಬಿಟ್ಟರು.

"ಅಲ್ಲಾ ಸ್ವಾಮೀ," ಎಂದರು ಕೊನೆಗೆ, "ಮೇಡಮ್ಮೋರು ಓದ್ದಾಗ್ಲೂ ಕಿವಿ ತಣ್ಣಗಿದ್ವಲ್ಲ! ದಾಖಲೆ ಇದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಎರಡೂ ನಿಜವೆಂದರು ಕೆಲವರು. ಎರಡನ್ನೂ ಕೂಡಿಸಿ ಭಾಗಿಸಿ ಐದೂವರೆ ಎಂದು ಕೆತ್ತಿಸೋಣ ಎಂದರು ಇನ್ನು ಕೆಲವರು. ಹಿಂದಿನ ಸಾಲಿನಿಂದ ಸಣ್ಣತಾಯಮ್ಮ, "ನಮ್ಮಜ್ಜಿ ಸೂರ್ಯ ಸಮುದ್ರದಲ್ಲಿ ಮುಳುಗಿ ತಣ್ಣಗಾಗ್ತಾನೆ ಅಂತಿದ್ಲು. ಅವಾಗೂ ಕಿವಿ ತಣ್ಣಗೇ ಇರೋವು" ಎಂದಳು. ಎಷ್ಟೋ ಕೈಗಳು ತಂತಮ್ಮ ಬಲಗಿವಿ ಮುಟ್ಟಿಕೊಂಡವು. ನಲವತ್ತು ಜನ ವಿದ್ವಾಂಸರು ಒಟ್ಟಿಗೆ ತಮ್ಮ ತಮ್ಮ ಅಜ್ಜಿಯರನ್ನು ನೆನೆಸಿಕೊಂಡರೆಂದು ಕಾಣುತ್ತದೆ.

ಮೇಡಂ ಕುರ್ಚಿಯ ಕೈ ಹಿಡಿದು ಎದ್ದರು. "ಸಣ್ಣತಾಯೀ, ಒಂದು ಲೋಟ ಮಡಕೆ ನೀರು ತಗೊಂಬಾ" ಎಂದರು. ಲೋಟ ಹಿಡಿದು ಐದು ನಿಮಿಷ ನಿಂತರು. ಕೂರಿ ಎಂದರೆ ಕೂರಲಿಲ್ಲ. ಆಮೇಲೆ ಬೆರಳಿಟ್ಟು, ತಾವೇ ಬಗ್ಗಿ ನೋಡಿದರು. ಕಾಫಿ ತರಿಸಿ ಹಿಡಿದುಕೊಂಡು ಮತ್ತೆ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನಾನು ಅವರ ಬಳೆಗಳನ್ನು ನೋಡುತ್ತ ನಿಂತಿದ್ದೆ. ಅಷ್ಟು ಬೇಡದ ಗೆಲುವು ನನಗೆ ಇನ್ನೊಂದು ಸಿಕ್ಕಿಲ್ಲ.

"ನಾನು ಸುಳ್ಳು ಹೇಳಿರಲಿಲ್ಲ," ಎಂದರು ತಲೆಯೆತ್ತಿ. "ನಿಜಾನೂ ಹೇಳಿರಲಿಲ್ಲ. ಪುಟ್ಟಸ್ವಾಮಯ್ಯ, ಕಲ್ಲು ಕೆತ್ತೋನಿಗೆ ನಿಲ್ಸೋಕೆ ಹೇಳಿ. ಏ ಅಂತ ಒಂದಕ್ಷರ ಆಗಿದ್ಯಲ್ಲ, ಅದನ್ನೇ 'ಏನು ಕುಡಿದಿರಿ?' ಅಂತ ಆಗೋ ಹಾಗೆ ಮುಂದುವರಿಸೋಕೆ ಹೇಳಿ. ಮುಂದೆ ಅಳೆಯೋರು ಮೊದಲು ಅದನ್ನ ಕೇಳ್ಲಿ."

ಜನ ನಕ್ಕರು. ಮೇಡಂ ಕೂಡ ನಕ್ಕರು, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಹತ್ತಿರ ಹೋದಾಗ ನನ್ನ ಕೈ ಹಿಡಿದು, "ಆ ನೂರಾ ಎಂಬತ್ತಮೂರು ಮನೆಗೂ ನಾನೇ ಹೋಗ್ತೀನಿ. ನನ್ನ ಬಾಯಿಂದಲೇ ಹೇಳ್ಬೇಕು" ಎಂದರು. ಆಮೇಲೆ, "ಅಲ್ಲ, ನೂರಾ ಎಂಬತ್ತೆರಡು. ಒಂದು ಮನೇದು ನಿಂದು. ಹೇಳಿದೀಯಾ?"

ಇಲ್ಲವೆಂದೆ.

"ಹೋಗು ಮತ್ತೆ, ಇಲ್ಯಾಕೆ ನಿಂತಿದೀಯ? ಊಟಕ್ಕೆ ಹೋಳಿಗೆ ಇದೆ, ಇಬ್ಬರಿಗೂ ಕಟ್ಟಿಸ್ಕೊಂಡು ಹೋಗು."

ಹೋಳಿಗೆ ಕಟ್ಟಿಸಿಕೊಂಡು ಮನೆಗೆ ಬಂದಾಗ ಉಗ್ರಪ್ಪನವರು ಸಂಜೆಯ ನಾಟಕಕ್ಕೆ ಹೊರಡಲು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಕೂರದೆ, ನೀರು ಕುಡಿಯದೆ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಟ್ಟರು.

"ಅಂದ್ರೆ ನನ್ನ ಬೆರಳಿಗೆ ಏನೂ ಆಗಿರ್ಲಿಲ್ಲ."

"ಇಲ್ಲ."

"ಮಜ್ಜಿಗೆಯಿಂದ."

"ಮಜ್ಜಿಗೆಯಿಂದ ರೀ. ನಾನೇ ಕೊಟ್ಟದ್ದು."

ಅವರು ಒಂದೊಂದೇ ಬೆರಳು ಎಳೆದು ಕೈಗವುಸು ತೆಗೆದರು. ಹತ್ತೊಂಬತ್ತು ವರ್ಷ ಬಿಸಿಲು ಕಾಣದ ಕೈ ಹಸುಗೂಸಿನ ಪಾದದ ಹಾಗೆ ಬೆಳ್ಳಗೆ ಮೆತ್ತಗೆ ಇತ್ತು. ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು. ಒಮ್ಮೆ ನಕ್ಕರು. ಆಮೇಲೆ ನಗು ನಿಂತುಹೋಯಿತು. ಬೈಯುತ್ತಾರೇನೋ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಕೋಪ ಬಂತಾ ನನ್ ಮೇಲೆ?" ಎಂದೆ.

"ಇಲ್ಲ ಕಣೇ. ಕೋಪ ಯಾಕೆ? ಏನೂ ಕೋಪ ಇಲ್ಲ."

ನನ್ನ ಬಲಗಿವಿ ಕಾದ ಹೆಂಚಾಯಿತು. ಮದುವೆಯಾದ ಮೇಲೆ ಅವರಿಂದ ನನ್ನ ಕಿವಿ ಕೆಂಪಾದದ್ದು ಅದೇ ಮೊದಲು. ಅವರು ನೋಡಿದರು. ನಾನು ಸೆರಗಿನಿಂದ ಮುಚ್ಚಿಕೊಳ್ಳಲು ಹೋದೆ, ಅವರು ಬಿಡಲಿಲ್ಲ. ಆ ಬರಿಗೈಯನ್ನು ತಂದು ನನ್ನ ಕಿವಿಯ ಮೇಲಿಟ್ಟರು. ನಾನು ಅತ್ತುಬಿಟ್ಟೆ.

"ಅಳ್ಬೇಡ್ವೇ. ನಾನು ಅವತ್ತು ಕಾಫಿ ಕುಡಿದಿದ್ರೆ ಒಂದೇ ದಿನಕ್ಕೆ ಮುಗ್ದು ಹೋಗ್ತಿತ್ತು. ಮೂರು ವಾರ ಬರ್ತಾನೇ ಇರ್ಲಿಲ್ಲ. ನೀನೆಲ್ಲಿ ಸಿಗ್ತಿದ್ದೆ?" ಎಂದರು.

ಆ ಮಾತಿಗೆ ಕಿವಿ ಇನ್ನಷ್ಟು ಬಿಸಿಯಾಗಲಿಲ್ಲ. ಅದು ನಿಜವೇ ಇರಬೇಕು. ಕೋಪವೂ ನಿಜ, ಇದೂ ನಿಜ. ಒಂದೇ ಮನುಷ್ಯನಲ್ಲಿ ಎರಡೂ ಇದ್ದವು. ಸಂಘದವರ ಹಾಗೆ ಕೂಡಿಸಿ ಭಾಗಿಸಲು ನನಗೆ ಬರಲಿಲ್ಲ.

ಆ ಸಂಜೆ ಅವರು ಟಿಕೆಟ್ ಹರಿಯಲು ಹೋಗಲಿಲ್ಲ. ಅಟ್ಟದಿಂದ ತಬಲಾ ಇಳಿಸಿದರೆ ಇಲಿಗಳು ಚರ್ಮವನ್ನು ಎಂದೋ ತಿಂದು ಮುಗಿಸಿದ್ದವು. ಅಕ್ಕಿ ಡಬ್ಬವನ್ನು ಮಗುಚಿ ಹಾಕಿ ಅದರ ಮೇಲೆ ಬಾರಿಸಿದರು. ಬಹಳ ಕೆಟ್ಟದಾಗಿತ್ತು. "ಹೇಗಿತ್ತು?" ಎಂದು ಕೇಳಿದರು. "ಡಬ್ಬ ಗಟ್ಟಿಯಾಗಿದೆ" ಎಂದೆ. ನಮ್ಮ ಊರಿನವರು ಅಷ್ಟನ್ನಾದರೂ ಕಲಿತಿರುತ್ತೇವೆ.

ಈಗ ಮೂರು ತಿಂಗಳಾಯಿತು. ತಬಲಾಕ್ಕೆ ಹೊಸ ಚರ್ಮ ಹಾಕಿಸಿದ್ದೇವೆ. ಮೇಡಂ ಕೋಲೂರಿಕೊಂಡು ಮನೆಮನೆಗೆ ಹೋಗುತ್ತಿದ್ದಾರೆ, ತೊಂಬತ್ತು ಮನೆ ಮುಗಿದಿದೆ. ಎರಡು ಮನೆಯಲ್ಲಿ ಬೈಸಿಕೊಂಡರಂತೆ, ಉಳಿದ ಕಡೆ ಎಲ್ಲರೂ ಮಜ್ಜಿಗೆ ಕೊಟ್ಟರಂತೆ. ಉಗ್ರಪ್ಪನವರು ಬೆಳಿಗ್ಗೆ ಒಂದು ಗಂಟೆ ಅಭ್ಯಾಸ ಮಾಡಿ, ಬೆವರೊರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಕೋಪ ಇಲ್ಲ ಕಣೇ" ಎನ್ನುತ್ತಾರೆ. ನಾನು ಕನ್ನಡಿಯ ಮುಂದೆ ಹೋಗಿ ಕಿವಿ ನೋಡಿಕೊಂಡು, ಎಷ್ಟು ಕೆಂಪಗಿದೆಯೆಂದು ತಾರೀಕು ಹಾಕಿ ಬರೆದಿಡುತ್ತೇನೆ. ಸಂಶೋಧಕಿಯಲ್ಲವೆ? ಮೊದಲ ವಾರ ಕಿವಿಯಿಡೀ ಕೆಂಪು. ಹೋದ ತಿಂಗಳು ಅರ್ಧ. ನಿನ್ನೆ ಓಲೆಯ ಹತ್ತಿರ ಒಂದು ಚೂರು, ಅಷ್ಟೇ.

ಇವತ್ತು ಇನ್ನೂ ತಬಲಾ ನಡೆಯುತ್ತಿದೆ. ಒಲೆಯ ಮೇಲೆ ಹಾಲಿಟ್ಟು, ಸೆರಗನ್ನು ಕಿವಿಯ ಹಿಂದೆ ಸರಿಸಿಕೊಂಡು ಕಾಯುತ್ತಿದ್ದೇನೆ.